ಕಂಡಕ್ಟರ್ ಜಡೆಪ್ಪ ಮುಂಬಯಿಗೆ ಕಳಿಸಿದ ಫೋಟೋ

ಬಳ್ಳಾರಿಯಿಂದ ಕುರುಗೋಡಿನ ಮೇಲೆ ಹಾಯ್ದು ಸಿರುಗುಪ್ಪಕ್ಕೆ ಹೋಗುತ್ತಿದ್ದ ಬೆಳಗಿನ ಬಸ್ಸಿಗೆ ಜಡೆಪ್ಪ ಏಳು ವರ್ಷ ಕಂಡಕ್ಟರ್ ಆಗಿದ್ದ. ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ, ಬೆರಳ ಸಂದಿಯಲ್ಲಿ ಟಿಕೆಟ್ ಕಟ್ಟು; ಇಷ್ಟು ಎಲ್ಲ ಕಂಡಕ್ಟರುಗಳಿಗೂ ಇರುವುದೇ. ಜಡೆಪ್ಪನ ಬಳಿ ಇನ್ನೊಂದು ವಸ್ತುವಿತ್ತು. ಡ್ರೈವರನ ಸೀಟಿನ ಹಿಂದಿನ ಪೆಟ್ಟಿಗೆಯಲ್ಲಿ, ಟವೆಲ್ಲು ಸುತ್ತಿಟ್ಟ ಒಂದು ಹಳೆಯ ಕ್ಯಾಮೆರಾ. ಎದೆಯ ಮಟ್ಟಕ್ಕೆ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಜಾತಿಯದು. ಕೌಲ್ ಬಜಾರಿನ ಸ್ಟುಡಿಯೋದ ಹುಸೇನ್ ಪೀರಾ ತಾನು ಹೊಸದು ಕೊಂಡಾಗ ಹಳೆಯದನ್ನು ಇವನಿಗೆ ಕೊಟ್ಟಿದ್ದ. ಅದು ೧೯೭೧ರ ಮಾತು.

ವಾರದ ರಜೆಯ ದಿನ ಜಡೆಪ್ಪ ಹುಸೇನ್ ಪೀರಾನ ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆಯುವುದನ್ನು ಕಲಿತ. ಆಮೇಲೆ ಬಸ್ಸು ನಿಂತಲ್ಲೆಲ್ಲ ಅವನಿಗೆ ಕಾಣುತ್ತಿದ್ದುದು ಫೋಟೋನೇ. ಹತ್ತಿ ಮೂಟೆಯ ಮೇಲೆ ಮಲಗಿದ ಹಮಾಲ, ಕಿಟಕಿಯಲ್ಲಿ ತಲೆಯಿಟ್ಟು ನಿದ್ದೆ ಹೋದ ಬಸುರಿ, ಸಿರುಗುಪ್ಪದ ಹತ್ತಿರ ಗದ್ದೆಯ ಕೆಸರಿನಲ್ಲಿ ಬೆನ್ನು ಬಾಗಿಸಿದ ಸಾಲು ಹೆಂಗಸರು. ಯಾರ ಫೋಟೋ ತೆಗೆದರೂ ಅವರಿಗೊಂದು ಪ್ರತಿ ಕೊಡುತ್ತಿದ್ದ. ಕಾಗದದ ಖರ್ಚು ಕೊಟ್ಟರೆ ಇಸಿದುಕೊಳ್ಳುತ್ತಿದ್ದ, ಕೊಡದಿದ್ದರೆ ಕೇಳುತ್ತಿರಲಿಲ್ಲ. ದಾರಿಯ ಊರುಗಳಲ್ಲಿ ಅವನನ್ನು ಫೋಟೋ ಕಂಡಕ್ಟರ್ ಎಂದು ಕರೆಯುವುದು ರೂಢಿಯಾಯಿತು. ಹೆಂಡತಿ ಜಂಬಮ್ಮನಿಗೆ ಮಾತ್ರ ಈ ಹುಚ್ಚು ಅರ್ಥವಾಗಲಿಲ್ಲ. "ಮಂದಿ ಮಾರಿ ನೋಡಾಕ ದಿನಾ ಬಸ್ನ್ಯಾಗ ಹೋಗ್ತೀರಿ. ಸಾಲದು ಅಂತ ಮನೀಗೂ ತರ್ತೀರಿ" ಎನ್ನುತ್ತಿದ್ದಳು.

ಬಾದನಹಟ್ಟಿಯ ಸ್ಟಾಪಿನಲ್ಲಿ ಮೂಕಮ್ಮ ಹತ್ತುತ್ತಿದ್ದಳು. ಐವತ್ತು ದಾಟಿದ ವಿಧವೆ. ಬೆಳಗಿನ ಬಸ್ಸು ಸಿರುಗುಪ್ಪಕ್ಕೆ ಹೋಗಿ ತಿರುಗಿ ಬಳ್ಳಾರಿಯ ಕಡೆ ಬರುವಾಗ ಎರಡು ಡಬ್ಬಿ ಸುಣ್ಣ ಇಟ್ಟುಕೊಂಡು ಕಾಯುತ್ತಿದ್ದಳು. ಊರ ಹೊರಗೆ ಅವಳದೂ ಮಗ ಎರ್ರಣ್ಣನದೂ ಒಂದು ಸುಣ್ಣದ ಭಟ್ಟಿ. ಮಗ ಕಲ್ಲು ಸುಟ್ಟು ಕೊಡುತ್ತಿದ್ದ. ಅವಳು ಅದನ್ನು ನೀರಿಗೆ ಹಾಕಿ, ಅರಳಿಸಿ, ಸೋಸಿ, ಬೆಣ್ಣೆಯ ಹಾಗೆ ಮಾಡಿ ಕೌಲ್ ಬಜಾರಿನ ಎಲೆ ಅಡಿಕೆ ಅಂಗಡಿಗಳಿಗೆ ಹಾಕುತ್ತಿದ್ದಳು. ಮೂವತ್ತು ವರ್ಷ ಹಸಿ ಸುಣ್ಣದಲ್ಲಿ ಅದ್ದಿದ ಕೈಗಳು. ಬೆರಳ ತುದಿಗಳು ಸವೆದು ಮೊಂಡಾಗಿದ್ದವು, ಅಂಗೈಯ ತುಂಬ ಬಿಳಿ ಕಲೆ, ಹಿಂಗೈಯಲ್ಲಿ ಸುಟ್ಟು ಮಾದ ಗಾಯದ ಗುರುತುಗಳು. ಬಸ್ಸಿನಲ್ಲಿ ಅವಳ ಜಾಗ ಬಾಗಿಲ ಹಿಂದಿನ ಸೀಟು. ಪಕ್ಕದಲ್ಲಿ ಯಾರು ಕೂತರೂ ಬಳ್ಳಾರಿ ಬರುವಷ್ಟರಲ್ಲಿ ಅವರ ಮನೆಯ ಸುದ್ದಿಯೆಲ್ಲ ಅವಳಿಗೆ ಗೊತ್ತಾಗಿರುತ್ತಿತ್ತು.

೧೯೭೩ರ ಬೇಸಿಗೆಯಲ್ಲಿ ಒಂದು ದಿನ ಕೋಳೂರಿನ ಹತ್ತಿರ ಬಸ್ಸಿನ ಟೈರು ಹೋಯಿತು. ಮಂದಿಯೆಲ್ಲ ಇಳಿದು ಬೇವಿನ ಮರದ ಕೆಳಗೆ ಸೇರಿದರು. ಜಡೆಪ್ಪ ಕ್ಯಾಮೆರಾ ತೆಗೆದಾಗ ಮೂಕಮ್ಮ ಬಿಸಿಲಿಗೆ ಅಡ್ಡವಾಗಿ ಎರಡೂ ಕೈ ಕಣ್ಣಿನ ಮುಂದೆ ಹಿಡಿದಿದ್ದಳು. ಬೆರಳುಗಳ ನಡುವಿಂದ ಬೆಳಕು ಬಿದ್ದು ಕಣ್ಣು ಹೊಳೆಯುತ್ತಿದ್ದವು.

"ನನ್ನ ಮಾರಿ ತಗೊಂಡು ಏನ್ ಮಾಡ್ತೀಯೋ ಯಪ್ಪಾ" ಎಂದು ಅವಳು ಬಾಯಿ ತುಂಬ ನಕ್ಕಳು. ಆ ನಗುವಿನಲ್ಲೇ ಜಡೆಪ್ಪ ಗುಂಡಿ ಒತ್ತಿದ.

ಫೋಟೋ ತೊಳೆದಾಗ ಹುಸೇನ್ ಪೀರಾ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಇಪ್ಪತ್ತು ವರ್ಷದಾಗ ನಾನು ಇಂಥಾದ್ದು ಒಂದೂ ತೆಗ್ದಿಲ್ಲ" ಎಂದ. ಜಡೆಪ್ಪನಿಗೆ ಅಂದು ಊಟ ಸೇರಲಿಲ್ಲ, ಅಷ್ಟು ಸಂತೋಷವಾಗಿತ್ತು. ಮೂಕಮ್ಮನಿಗೂ ಒಂದು ಪ್ರತಿ ಕೊಟ್ಟ. ಅವಳು ಅದಕ್ಕೆ ಕಟ್ಟು ಹಾಕಿಸಿ ಮನೆಯ ಬಾಗಿಲ ಮೇಲೆ ತೂಗುಹಾಕಿದಳು. ಬಂದವರಿಗೆಲ್ಲ ತೋರಿಸಿದಳು.

ಮರುವರ್ಷ ಸ್ಟುಡಿಯೋದಲ್ಲಿ ಬಿದ್ದಿದ್ದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಜಡೆಪ್ಪನ ಕಣ್ಣಿಗೆ ಒಂದು ಜಾಹೀರಾತು ಬಿತ್ತು. ಮುಂಬಯಿಯ ಒಂದು ಏಜೆನ್ಸಿ ಹವ್ಯಾಸಿಗಳ ಫೋಟೋಗಳನ್ನು ತರಿಸಿಕೊಳ್ಳುತ್ತದೆ. ಪತ್ರಿಕೆ, ಕ್ಯಾಲೆಂಡರು, ಪುಸ್ತಕ ಅಚ್ಚು ಹಾಕುವವರಿಗೆ ಬಾಡಿಗೆಗೆ ಕೊಟ್ಟ ಹಾಗೆ ಕೊಡುತ್ತದೆ. ಬಂದುದರಲ್ಲಿ ಅರ್ಧ ಫೋಟೋ ತೆಗೆದವನಿಗೆ. ಕಾಗದ ಬರೆದ. ನಾಲ್ಕು ಪುಟದ ಫಾರಂ ಬಂತು.

ಹುಸೇನ್ ಪೀರಾ ಅದನ್ನು ತಿರುವಿ ಹಾಕಿ ಮೇಜಿನ ಮೇಲಿಟ್ಟ. "ನೋಡಪ್ಪ ಜಡೆಪ್ಪ, ನನ್ನ ಅಂಗಡಿಗೆ ಬಂದೋರು ತಮ್ಮ ಫೋಟೋ ತಾವು ತಗಸ್ಕೊಂಡು ಹೋಗ್ತಾರ. ನೆಗೆಟಿವ್ ನನ್ನ ಹತ್ರ ಇರ್ತೈತಿ, ಅವ್ರ ಹೆಸರು ಬರ್ದು ಇಡ್ತೀನಿ. ಬ್ಯಾರೆಯವ್ರು ಬಂದು ಕೇಳಿದ್ರ ಕೊಡಂಗಿಲ್ಲ. ಇವ್ರು ಯಾರಿಗೆ ಕೊಡ್ತಾರ, ಯಾತಕ್ಕ ಕೊಡ್ತಾರ, ಅದು ಇದ್ರಾಗ ಎಲ್ಲಿ ಬರ್ದಾರ ತೋರ್ಸು."

"ನಿಮ್ದು ಅಂಗಡಿ. ನಾನು ಯಾರು? ಕಂಡಕ್ಟರ್" ಎಂದ ಜಡೆಪ್ಪ. "ಇಷ್ಟು ವರ್ಷ ತೆಗದದ್ದು ಪೆಟ್ಟಿಗ್ಯಾಗ ಕೊಳೀತೈತಿ. ನಾಕು ಮಂದಿ ನೋಡ್ಲಿ ಅಂತ ನನಗೂ ಅನಸ್ತೈತಲ್ರಿ."

"ಹಂಗಾರ ಯಾರಾದ್ರೂ ವಕೀಲರ ಹತ್ರ ಓದಸ್ಕೊಂಡು ಸಹಿ ಮಾಡು."

ಜಡೆಪ್ಪ ಓದಿಸಿಕೊಳ್ಳಲಿಲ್ಲ. ಎಸ್ಸೆಸ್ಸೆಲ್ಸಿವರೆಗೆ ಓದಿದವನು, ಫಾರಂನಲ್ಲಿ ಮುಕ್ಕಾಲು ಪಾಲು ತಿಳಿಯಲಿಲ್ಲ. ತಿಳಿದ ಒಂದು ಸಾಲೆಂದರೆ, ಚಿತ್ರದಲ್ಲಿರುವವರೆಲ್ಲರ ಒಪ್ಪಿಗೆಯನ್ನು ತಾನು ಪಡೆದಿದ್ದೇನೆ ಎನ್ನುವುದು. ಅಲ್ಲಿ ಪೆನ್ನು ನಿಂತಿತು. ಬಾದನಹಟ್ಟಿಗೆ, ಸಿರುಗುಪ್ಪಕ್ಕೆ, ಕುರುಗೋಡಿಗೆ ಹೋಗಿ ಒಬ್ಬೊಬ್ಬರನ್ನೂ ಕೇಳುತ್ತ ಕೂತರೆ ಆದೀತೆ, ಫೋಟೋ ಕೊಟ್ಟಾಗ ಯಾರೂ ಬೇಡವೆನ್ನಲಿಲ್ಲವಲ್ಲ ಎಂದುಕೊಂಡು ಸಹಿ ಮಾಡಿದ. ಇಪ್ಪತ್ತೆರಡು ನೆಗೆಟಿವುಗಳನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ.

ನಾಲ್ಕು ತಿಂಗಳಿಗೆ ಮೊದಲ ಮನಿ ಆರ್ಡರ್ ಬಂತು. ಕುರುಗೋಡಿನ ಬೆಟ್ಟದ ಬಂಡೆಗಳ ಚಿತ್ರ ಯಾವುದೋ ಕ್ಯಾಲೆಂಡರಿಗೆ ಹೋಗಿತ್ತು. ಡಿಪೋದಲ್ಲಿ ಎಲ್ಲರಿಗೂ ಚಹಾ ಕುಡಿಸಿದ. ಇನ್ನೆರಡು ತಿಂಗಳಿಗೆ ಮತ್ತೊಂದು ಬಂತು. ಅರವತ್ತು ರೂಪಾಯಿ, ಚೀಟಿಯ ಮೇಲೆ 'ಹೆಂಗಸು, ಕೈಗಳು' ಎಂದಷ್ಟೇ ಇಂಗ್ಲಿಷಿನಲ್ಲಿ ಬರೆದಿತ್ತು. ಜಂಬಮ್ಮನಿಗೆ ಸೀರೆ ತಂದ. ಅವಳು ಸೀರೆ ಮಡಿಲಲ್ಲಿಟ್ಟುಕೊಂಡು, "ಹೋಗ್ಲಿ, ಆ ಡಬ್ಬಿ ಏನೋ ಒಂದು ಉಪಕಾರ ಮಾಡ್ತು" ಎಂದಳು.

೧೯೭೫ರ ಮಳೆಗಾಲದ ಒಂದು ಬೆಳಿಗ್ಗೆ ಡಿಪೋಗೆ ಹೋದಾಗ ಎಲ್ಲ ಬಸ್ಸುಗಳ ಒಳಗೂ, ಡ್ರೈವರನ ಹಿಂದಿನ ತಗಡಿಗೆ, ಹೊಸ ಪೋಸ್ಟರು ಅಂಟಿಸಿದ್ದರು. ಯಾವುದೋ ಸೇವಾ ಸಂಘ ಅಚ್ಚು ಹಾಕಿಸಿ ಊರೂರಿಗೆ ಹಂಚಿದ್ದು. 'ಕುಷ್ಠರೋಗ ಗುಣವಾಗುತ್ತದೆ. ಮುಚ್ಚಿಡಬೇಡಿ' ಎಂದು ದಪ್ಪ ಅಕ್ಷರ. ಅದರ ಮೇಲೆ ಎರಡು ಕೈ, ಬೆರಳ ಸಂದಿಯಲ್ಲಿ ಎರಡು ಕಣ್ಣು.

ಜಡೆಪ್ಪ ಬಸ್ಸಿನ ಮೆಟ್ಟಿಲ ಮೇಲೆಯೇ ನಿಂತ. ಚಿತ್ರವನ್ನು ಮೂಗಿನ ಕೆಳಗೆ ಕತ್ತರಿಸಿದ್ದರು. ನಗುವ ಬಾಯಿ ಹೋಗಿತ್ತು. ಬಾಯಿ ಹೋದ ಮೇಲೆ ಆ ಕಣ್ಣುಗಳು ಅಳುವವಳ ಕಣ್ಣಾಗಿದ್ದವು. ಸುಣ್ಣದ ಕಲೆಗಳನ್ನು ಅಚ್ಚಿನವರು ಇನ್ನಷ್ಟು ಬೆಳ್ಳಗೆ ಮಾಡಿದ್ದರು.

ಕಿತ್ತು ಹಾಕಬೇಕೆಂದು ಕೈ ಎತ್ತಿದ. ಹಿಂದೆ ಡಿಪೋದ ಮೇಸ್ತ್ರಿ ನಿಂತಿದ್ದ. ಕೈ ಇಳಿಸಿ ಟಿಕೆಟ್ ಕಟ್ಟು ತೆಗೆದ.

ಅಂದು ಮೂಕಮ್ಮ ಎಂದಿನಂತೆ ಹತ್ತಿದಳು. ಅವಳಿಗೆ ಓದು ಬಾರದು, ದೂರದ ದೃಷ್ಟಿಯೂ ಸಾಲದು. ಪಕ್ಕದವಳ ಜೊತೆ ಮಾತಾಡಿಕೊಂಡು ಬಳ್ಳಾರಿಗೆ ಹೋದಳು. ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ಬಾದನಹಟ್ಟಿಯ ಒಬ್ಬ, ಅವಳ ಮನೆಯ ಬಾಗಿಲ ಮೇಲಿನ ಫೋಟೋ ನೋಡಿದ್ದವನು, ಪೋಸ್ಟರಿನ ಮುಂದೆ ನಿಂತು ಗಟ್ಟಿಯಾಗಿ ಓದಿದ. ತಿರುಗಿ ಮೂಕಮ್ಮನನ್ನು ನೋಡಿದ. ಅವಳ ಕೈ ನೋಡಿದ. ಹಿಂದಿನ ಸೀಟಿಗೆ ಹೋಗಿ ಅಲ್ಲಿದ್ದವರ ಕಿವಿಯಲ್ಲಿ ಹೇಳಿದ.

ಆಮೇಲೆ ಮೂಕಮ್ಮನ ಪಕ್ಕದ ಸೀಟು ಖಾಲಿಯಾಯಿತು. ಜನ ಕಂಬಿ ಹಿಡಿದು ನೇತಾಡುತ್ತಿದ್ದರು, ಕೂಸು ಎತ್ತಿಕೊಂಡ ಹೆಂಗಸರು ನಿಂತೇ ಇರುತ್ತಿದ್ದರು; ಆ ಸೀಟಿಗೆ ಮಾತ್ರ ಯಾರೂ ಬರುತ್ತಿರಲಿಲ್ಲ. ಜಡೆಪ್ಪ ದಿನಾ ಟಿಕೆಟ್ ಹರಿಯುತ್ತ ಆ ಸೀಟನ್ನು ದಾಟಿ ಹೋಗಬೇಕಾಗಿತ್ತು. ವಾರದೊಳಗೆ ಕೌಲ್ ಬಜಾರಿನ ಅಂಗಡಿಗಳು ಅವಳ ಸುಣ್ಣ ಬೇಡವೆಂದವು. ಬಾಯಿಗೆ ಹಾಕುವ ಪದಾರ್ಥ, ಅಂಗಡಿಯವರು ಹೆದರಿದರು. ಇಳಿಯುವಾಗ ಎರಡು ಡಬ್ಬಿಯಿದ್ದವು, ಸಂಜೆ ಹತ್ತುವಾಗಲೂ ತುಂಬಿದ ಎರಡು ಡಬ್ಬಿಯೇ ಇರುತ್ತಿದ್ದವು.

"ಯಾಕೋ ಯಪ್ಪಾ ಮಂದಿ ಹಿಂಗ ಮಾಡ್ತಾರ?" ಎಂದು ಅವಳು ಜಡೆಪ್ಪನನ್ನೇ ಕೇಳಿದಳು. "ನಾನೇನರ ಅಂದ್ನ್ಯಾ ಯಾರಿಗೆ?"

"ನಂಗೊತ್ತಿಲ್ಲವ್ವ" ಎಂದ ಜಡೆಪ್ಪ.

ಮುಂದೆ ಜೀವಮಾನದುದ್ದಕ್ಕೂ ಅವನು ನೆನೆಸಿ ನೆನೆಸಿ ಕೊರಗಿದ್ದು ಆ ಒಂದು ಮಾತಿಗೆ. ಫಾರಂಗೆ ಸಹಿ ಮಾಡಿದಾಗ ಮುಂದಾಗುವುದು ಗೊತ್ತಿರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಈ ಮಾತಿಗೆ ಆ ಸಮಾಧಾನವೂ ಇರಲಿಲ್ಲ.

ಮರುದಿನ ಅವನು ಪೋಸ್ಟರನ್ನು ಕಿತ್ತು ಹಾಕಿದ. ಮೇಲಿನವರು ಮೆಮೊ ಕೊಟ್ಟರು, ಅದೇ ಜಾಗದಲ್ಲಿ ಇನ್ನೊಂದು ಅಂಟಿಸಿದರು. ಹುಸೇನ್ ಪೀರಾನ ಪರಿಚಯದ ಒಬ್ಬ ವಕೀಲರ ಕೈಲಿ ಮುಂಬಯಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಸಿದ: ಆಕೆಗೆ ಆ ರೋಗವಿಲ್ಲ, ಚಿತ್ರ ವಾಪಸು ತೆಗೆದುಕೊಳ್ಳಿ, ನೆಗೆಟಿವ್ ಕಳಿಸಿ. ಒಂದು ತಿಂಗಳಿಗೆ ಉತ್ತರ ಬಂತು. ವಕೀಲರು ಓದಿ ಹೇಳಿದರು.

"ಯಾವ ಚಿತ್ರ ಯಾರಿಗೆ ಯಾತಕ್ಕ ಕೊಡಬೇಕು ಅನ್ನೋದು ಅವ್ರಿಗೆ ಬಿಟ್ಟದ್ದು ಅಂತ ನೀನೇ ಸಹಿ ಮಾಡೀಯಪ್ಪ. ಹತ್ತು ವರ್ಷದ ಕರಾರು. ಆಕಿ ಒಪ್ಪಿಗಿ ತಗೊಂಡೀನಿ ಅಂತನೂ ಸಹಿ ಐತಿ. ಆಕಿ ಕೋರ್ಟಿಗೆ ಹೋದ್ರ ಜವಾಬ್ದಾರಿ ಅವ್ರದಲ್ಲ, ನಿಂದು."

"ಆಕಿಗೆ ರೋಗ ಐತಿ ಅಂತ ನಾನೆಲ್ಲಿ ಬರ್ದು ಕೊಟ್ಟೀನ್ರಿ?"

"ಇಲ್ಲ ಅಂತನೂ ಬರ್ದಿಲ್ಲಲ್ಲ. ಕೈ ನೋಡಿದ್ರು, ಕೊಟ್ರು."

ಅಲ್ಲಿಂದ ಆಸ್ಪತ್ರೆಗೆ ಹೋದ. ಕುಷ್ಠದ ವಿಭಾಗದ ಡಾಕ್ಟರು ಎಲ್ಲವನ್ನೂ ಕೇಳಿ, ಆಕೆಯನ್ನು ಕರೆದುಕೊಂಡು ಬನ್ನಿ, ಪರೀಕ್ಷೆ ಮಾಡಿ ಬರೆದುಕೊಡುತ್ತೇನೆ ಎಂದರು. ಜಡೆಪ್ಪ ಕೈ ಮುಗಿದು, ಆ ಪೋಸ್ಟರು ತೆಗೆಸಿರಿ ಎಂದು ಕೇಳಿಕೊಂಡ. ಡಾಕ್ಟರು ಎದುರಿನ ಕುರ್ಚಿ ತೋರಿಸಿದರು.

"ಆ ಪೋಸ್ಟರ್ ನೋಡಿ ಎರಡು ತಿಂಗಳಲ್ಲಿ ಒಂಬತ್ತು ಜನ ಬಂದಿದ್ದಾರೆ. ಇಷ್ಟು ದಿನ ಮುಚ್ಚಿಟ್ಟುಕೊಂಡವರು. ಅವರಿಗೆ ಬೆರಳು ಉಳಿಯುತ್ತದೆ" ಎಂದರು. "ಆಕೆಗೆ ನಿಜವಾಗಿಯೂ ರೋಗ ಇದ್ದಿದ್ದರೆ, ಯಾರೂ ಪಕ್ಕ ಕೂರದಿದ್ದದ್ದು ನಿಮಗೆ ಸರಿ ಅನಿಸುತ್ತಿತ್ತೇ?"

ಜಡೆಪ್ಪ ಆಕೆಯನ್ನು ಯಾವ ದಿನ ಕರೆತರಬೇಕೆಂದು ಕೇಳಿಕೊಂಡು ಹೊರಬಿದ್ದ.

ಮೂಕಮ್ಮನನ್ನು ಕರೆದೊಯ್ಯಬೇಕಾದರೆ ಅವಳಿಗೆ ಹೇಳಲೇಬೇಕಾಗಿತ್ತು. ರಜೆಯ ದಿನ ಬಾದನಹಟ್ಟಿಗೆ ಹೋದ. ಅವಳು ಭಟ್ಟಿಯ ಪಕ್ಕದ ಗುಡಿಸಲಲ್ಲಿದ್ದಳು. ಎರ್ರಣ್ಣ ಅವಳ ಚಾಪೆ, ತಾಟು, ಚೊಂಬು ಬೇರೆ ಮಾಡಿ ಅಲ್ಲಿಟ್ಟಿದ್ದ. ಮೊಮ್ಮಕ್ಕಳಿಗೆ ಅತ್ತ ಹೋಗಬೇಡಿ ಎಂದಿದ್ದರು. ಜಡೆಪ್ಪ ನೆಲದ ಮೇಲೆ ಕೂತು ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದ. ಅರವತ್ತು ರೂಪಾಯಿಯನ್ನೂ, ಸೀರೆಯನ್ನೂ ಬಿಡಲಿಲ್ಲ.

"ಆ ದಿನ ಕೇಳಿದ್ನಲ್ಲ, ಗೊತ್ತಿಲ್ಲ ಅಂದಿ" ಎಂದಳು ಕೊನೆಗೆ.

"ಅಂದೆ ಯವ್ವ."

"ನೀ ನನ್ನ ಕೇಳಬೇಕಾಗಿತ್ತೋ ಯಪ್ಪಾ. ಕಳಸೂಕಿಂತ ಮೊದ್ಲ."

"ತಪ್ಪಾತವ್ವ."

"ಕೇಳಿದ್ರ ಹೂಂ ಅಂತಿದ್ನಿ ಬಿಡು. ಬೊಂಬಾಯಿ ಅಂದ್ರ ನಂಗೇನು ತಿಳೀತೈತಿ? ನಕ್ಕೊಂತನ ಹೂಂ ಅಂತಿದ್ನಿ." ಸ್ವಲ್ಪ ಹೊತ್ತು ಕೈಗಳನ್ನು ತಿರುಗಿಸಿ ನೋಡಿಕೊಂಡಳು. "ಆದ್ರೂ ಕೇಳಬೇಕಾಗಿತ್ತು."

ಡಾಕ್ಟರು ಪರೀಕ್ಷೆ ಮಾಡಿ, ಇವು ಸುಣ್ಣದಿಂದಾದ ಗಾಯಗಳು, ಕುಷ್ಠವಲ್ಲ ಎಂದು ಮುದ್ರೆ ಹಾಕಿ ಬರೆದುಕೊಟ್ಟರು. ಜಡೆಪ್ಪ ಆ ಕಾಗದವನ್ನು ಎರ್ರಣ್ಣನಿಗೆ ಓದಿದ, ಊರಿನ ಹಿರಿಯರಿಗೆ ಓದಿದ, ಕೌಲ್ ಬಜಾರಿನ ಅಂಗಡಿ ಅಂಗಡಿಗೆ ಹೋಗಿ ಓದಿದ. ಮೂಕಮ್ಮ ಮತ್ತೆ ಬಸ್ಸು ಹತ್ತಿದ ದಿನ ತುಂಬಿದ ಬಸ್ಸಿನಲ್ಲಿ ನಿಂತು ಓದಿದ. ಈ ಫೋಟೋ ತೆಗೆದವನು ನಾನೇ, ತಪ್ಪು ನನ್ನದು ಎಂದ. ಜನ ಕೇಳಿಸಿಕೊಂಡರು. ಒಬ್ಬ ಮುದುಕ ನಿಧಾನವಾಗಿ ಹೇಳಿದ: "ಇರಬಹುದಪ್ಪ. ಆದ್ರ ಸರ್ಕಾರದೋರು ಸುಮ್ಮ ಸುಮ್ಮನ ಬಸ್ಸಿಗೆ ಹಚ್ಚತಾರೇನು? ಕಾಗದ ಯಾರು ಬೇಕಾದ್ರೂ ಬರಸ್ಕೊಂತಾರ."

ಸೀಟು ಖಾಲಿಯೇ ಉಳಿಯಿತು. ಟಿಕೆಟ್ ಮುಗಿದ ಮೇಲೆ ಜಡೆಪ್ಪ ತಾನೇ ಹೋಗಿ ಅಲ್ಲಿ ಕೂರತೊಡಗಿದ. ಅವಳು ಎಲೆಗೆ ಸುಣ್ಣ ಸವರಿ ಕೊಟ್ಟರೆ ಎಲ್ಲರ ಎದುರಿಗೆ ಬಾಯಿಗೆ ಹಾಕಿಕೊಂಡ. ಹದಿನೈದು ದಿನ ಹೀಗೆ ನಡೆಯಿತು. ಆಮೇಲೆ ಪ್ರಯಾಣಿಕರು ಇವನ ಕೈಗೂ ದುಡ್ಡು ಕೊಡದೆ ಸೀಟಿನ ಮೇಲಿಟ್ಟು ಕೈ ಹಿಂದಕ್ಕೆ ತೆಗೆಯುತ್ತಿದ್ದರು. ಮನೆಯಲ್ಲಿ ಜಂಬಮ್ಮನಿಗೆ ನೆರೆಯವರು ನಮ್ಮ ಕೊಡ ಮುಟ್ಟಬೇಡ ಎಂದರು. ಅವಳು ಅತ್ತಳೇ ಹೊರತು ಗಂಡನನ್ನು ತಡೆಯಲಿಲ್ಲ. ಆ ಸೀರೆಯನ್ನು ಮಾತ್ರ ಮತ್ತೆ ಉಡಲಿಲ್ಲ. ಡಿಪೋಗೆ ದೂರು ಹೋಯಿತು. ಜಡೆಪ್ಪನನ್ನು ಆ ಬಸ್ಸಿನಿಂದ ತೆಗೆದು ಸಿರುಗುಪ್ಪದಿಂದ ರಾರಾವಿಯ ಕಡೆ ಓಡುವ ಬಸ್ಸಿಗೆ ಹಾಕಿದರು.

ಹೊಸ ಕಂಡಕ್ಟರು ಮೂಕಮ್ಮನನ್ನು ಹತ್ತಿಸಿಕೊಳ್ಳಲಿಲ್ಲ ಎಂದು ಜಡೆಪ್ಪನಿಗೆ ತಡವಾಗಿ ತಿಳಿಯಿತು. ಅವಳು ಎರಡು ಸಲ ಸ್ಟಾಪಿಗೆ ಬಂದು ನಿಂತು, ಮೂರನೆಯ ಸಲ ಬರಲಿಲ್ಲ. ಗೋಡೆಗೆ ಬಳಿಯುವ ಸುಣ್ಣವನ್ನೂ ಅವರ ಭಟ್ಟಿಯಿಂದ ಯಾರೂ ಒಯ್ಯಲಿಲ್ಲ. ಎರ್ರಣ್ಣ ಭಟ್ಟಿ ಆರಿಸಿ ಕಲ್ಲು ಒಡೆಯುವ ಕೂಲಿಗೆ ಹೋದ. ಜಡೆಪ್ಪ ತಿಂಗಳಿಗೊಮ್ಮೆ ರೊಟ್ಟಿ ಕಟ್ಟಿಸಿಕೊಂಡು ಹೋಗಿ ಅವಳ ಜೊತೆ ಕೂತು ಉಣ್ಣುತ್ತಿದ್ದ. ಮೊದಮೊದಲು ಅವಳು ಬಸ್ಸಿನವರ ಸುದ್ದಿ ಕೇಳುತ್ತಿದ್ದಳು: ಪಕ್ಕ ಕೂರುತ್ತಿದ್ದ ಕುರುಗೋಡಿನ ಬಸುರಿಗೆ ಏನು ಕೂಸು ಹುಟ್ಟಿತು, ಕಾಲು ಮುರಿದುಕೊಂಡಿದ್ದ ಹಮಾಲ ನೆಟ್ಟಗಾದನೇ. ಬರಬರುತ್ತ ಕೇಳುವುದನ್ನು ಬಿಟ್ಟಳು. ಮಾತಿಲ್ಲದೆ ಉಂಡು, ಮಾತಿಲ್ಲದೆ ಕೈ ತೊಳೆಯುತ್ತಿದ್ದಳು.

೧೯೭೮ರ ಚಳಿಗಾಲದಲ್ಲಿ ಜ್ವರ ಬಂದು ತೀರಿಕೊಂಡಳು. ಜಡೆಪ್ಪ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಂಗಳದಲ್ಲಿ ಎರ್ರಣ್ಣ ಒಬ್ಬನೇ ಕೂತಿದ್ದ. ಊರಿನವರು ದೂರದಲ್ಲಿ ನಿಂತಿದ್ದರು. ಹೊರಲು ನಾಲ್ಕು ಜನ ಬೇಕು. ಜಡೆಪ್ಪ ಬಳ್ಳಾರಿಗೆ ಹೇಳಿಕಳಿಸಿ ಹುಸೇನ್ ಪೀರಾನನ್ನೂ ಅವನ ತಮ್ಮನನ್ನೂ ಕರೆಸಿದ. ಮಣ್ಣು ಮಾಡಿ ಬಂದ ಮೇಲೆ ಎರ್ರಣ್ಣ, "ನಾನೂ ಹೊರಗ ಹಾಕಿದ್ನಲ್ಲ, ನಿಮಗ ಏನಂತ ಬೈಲಿ" ಎಂದ. ಜಡೆಪ್ಪ ಬೈಸಿಕೊಳ್ಳಲೆಂದೇ ಅಷ್ಟು ಹೊತ್ತು ನಿಂತಿದ್ದ.

ಚಿತ್ರ ಮಾತ್ರ ನಿಲ್ಲಲಿಲ್ಲ. ವರ್ಷಕ್ಕೋ ಎರಡು ವರ್ಷಕ್ಕೋ ಮುಂಬಯಿಯಿಂದ ಮನಿ ಆರ್ಡರ್ ಬರುತ್ತಿತ್ತು. ಎಲ್ಲಿಯೋ ಯಾವುದೋ ಪುಸ್ತಕದಲ್ಲಿ, ಯಾವುದೋ ಕರಪತ್ರದಲ್ಲಿ ಮೂಕಮ್ಮನ ಕೈಗಳು ಮತ್ತೆ ಅಚ್ಚಾಗಿರುತ್ತಿದ್ದವು. ಮೊದಲ ಸಲ ದುಡ್ಡನ್ನು ಎರ್ರಣ್ಣನಿಗೆ ಒಯ್ದ. ಅವನು ಅದನ್ನು ಮುಟ್ಟಲಿಲ್ಲ. ಆಮೇಲೆ ಜಡೆಪ್ಪ ಪೋಸ್ಟ್‌ಮ್ಯಾನ್‌ಗೆ ಬೇಡವೆಂದು ಬರೆದುಕೊಟ್ಟು ವಾಪಸು ಕಳಿಸುತ್ತಿದ್ದ. ಕರಾರಿನ ಹತ್ತು ವರ್ಷ ಮುಗಿದಾಗ ನೆಗೆಟಿವುಗಳನ್ನು ಕೇಳಿ ಕಾಗದ ಬರೆದ. ಹಳೆಯ ವಿಳಾಸದಲ್ಲಿ ಯಾರೂ ಇಲ್ಲವೆಂದು ಲಕೋಟೆ ತಿರುಗಿ ಬಂತು.

೧೯೮೬ರಲ್ಲಿ, ಕೌಲ್ ಬಜಾರಿನ ಸ್ಟುಡಿಯೋಗೆ ಹಾಲಸಿದ್ದಪ್ಪ ಎಂಬ ಬ್ಯಾಂಕಿನ ಗುಮಾಸ್ತ ಬರುತ್ತಿದ್ದ. ಒಳ್ಳೆಯ ಕ್ಯಾಮೆರಾ, ಒಳ್ಳೆಯ ಕೈ. ಮದ್ರಾಸಿನ ಒಂದು ಏಜೆನ್ಸಿಗೆ ಫೋಟೋ ಕಳಿಸಲೇ ಎಂದು ಹುಸೇನ್ ಪೀರಾನನ್ನು ಕೇಳಿದಾಗ, ಹುಸೇನ್ ಪೀರಾ ಮೂಲೆಯ ಬೆಂಚಿನಲ್ಲಿ ಕೂತಿದ್ದ ಜಡೆಪ್ಪನನ್ನು ತೋರಿಸಿದ. ಜಡೆಪ್ಪನಿಗೆ ಆಗ ಐವತ್ತರ ಹತ್ತಿರ, ಕೂದಲೆಲ್ಲ ನೆರೆತಿತ್ತು. ಫೋಟೋ ತೆಗೆಯುವುದನ್ನು ಬಿಟ್ಟಿರಲಿಲ್ಲ, ಆದರೆ ಮನುಷ್ಯರದು ತೆಗೆಯುತ್ತಿರಲಿಲ್ಲ. ಅವನು ಒಂದು ಗಂಟೆ ಕೂತು ಮೂಕಮ್ಮನ ಕಥೆಯನ್ನು ಏನೂ ಬಿಡದೆ ಹೇಳಿದ.

"ಕಲ್ಲು ಕಳಸ್ರಿ, ಗುಡ್ಡ ಕಳಸ್ರಿ, ಹೊಳಿ ಕಳಸ್ರಿ" ಎಂದ. "ಮನಷ್ಯಾರದು ಕಳಸೋದಾದ್ರ, ಅದು ಯಾವ ಗ್ವಾಡಿ ಮ್ಯಾಗ ಹೋಗ್ತೈತಿ ಅಂತ ನಿಮಗೂ ಗೊತ್ತಾಗಂಗಿಲ್ಲ, ಅವ್ರಿಗೂ ಗೊತ್ತಾಗಂಗಿಲ್ಲ. ಅದನ್ನ ಅವ್ರ ಮಾರಿ ನೋಡಿ ಹೇಳಿ ಕಳಸ್ರಿ."

ಹಾಲಸಿದ್ದಪ್ಪ ಮನಸಿಟ್ಟು ಕೇಳಿದ. ಛೆ, ಪಾಪ ಎಂದ. ಆಮೇಲೆ ಚೀಲದಿಂದ ಮದ್ರಾಸಿನ ಫಾರಂ ತೆಗೆದು, ರಾರಾವಿಯ ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರ ಫೋಟೋಗಳನ್ನು ಬೆಂಚಿನ ಮೇಲೆ ಹರಡಿ, "ಇವು ಮಾತ್ರ ಚಲೋ ಬಂದಾವ್ರಿ. ಇವರನ್ನ ಮತ್ತ ಎಲ್ಲಿ ಹುಡಕ್ಕೊಂಡು ಹೋಗ್ಲಿ" ಎಂದು ಕೇಳಿದ.

"ರಾರಾವಿ ಬಸ್ಸು ನಂದ. ಬೆಳಿಗ್ಗೆ ಸಿರುಗುಪ್ಪಕ್ಕ ಬರ್ರಿ" ಎಂದ ಜಡೆಪ್ಪ. "ಹೊಳಿ ಹತ್ರ ಇಳಿಸ್ತೀನಿ."

ಹಾಲಸಿದ್ದಪ್ಪ ಆಗಲಿ ಎಂದ. ಮರುದಿನ ಬರಲಿಲ್ಲ, ಆ ವಾರವೂ ಬರಲಿಲ್ಲ. ಫಾರಂ ಅಂಚೆಗೆ ಹೋಯಿತೆಂದು ಹುಸೇನ್ ಪೀರಾ ಮುಂದೆ ಒಂದು ದಿನ ಹೇಳಿದ. ಜಡೆಪ್ಪ ಡ್ಯೂಟಿಗೆ ಹೊತ್ತಾಯಿತೆಂದು ಎದ್ದು ಹೋದ.